ಮೂರನೇ ಬಾಗಿಲು

ಫೆಬ್ರವರಿ 9

ಅತ್ತಿಗೆಗೆ ನಮಸ್ಕಾರ.

ಅಣ್ಣನಿಗೆ ಬರೆದ ಪತ್ರಕ್ಕೆ ನೀವು ಉತ್ತರ ಬರೆದಿದ್ದೀರಿ. ಅವನು ಓದಿದನೋ, ನೀವೇ ಓದಿ ಸಾರಾಂಶ ಹೇಳಿದಿರೋ ತಿಳಿಯಲಿಲ್ಲ. ಇರಲಿ. ಇನ್ನು ನಿಮಗೇ ಬರೆಯುತ್ತೇನೆ. ನಮ್ಮ ಆಸ್ಪತ್ರೆಗೆ ಪೆಟ್ಟಿಗೆ ಕಟ್ಟುವ ಗೋದಾಮಿನಲ್ಲಿ ನಿಮಗೆ ಕೆಲಸ ಸಿಕ್ಕಿದ ಮೇಲೆ ಪತ್ರ ಬರುವುದೂ ಹೋಗುವುದೂ ಔಷಧಿ ಲಾರಿಯಲ್ಲೇ. ಇಲ್ಲಿ ಫೋನ್ ಇಲ್ಲ. ಕಾಳಗ ಶುರುವಾದಾಗಲೇ ಫೋನಿನ ಟವರ್ ಬಿದ್ದುಹೋಯಿತಂತೆ.

"ಅಲ್ಲಿ ನಿನ್ನ ಕೆಲಸ ನಿಜವಾಗಿ ಏನು" ಎಂದು ಕೇಳಿದ್ದೀರಿ. ಆ "ನಿಜವಾಗಿ" ಎಂಬ ಮಾತು ಅಣ್ಣನದೇ ಇರಬೇಕು. ಹೇಳುತ್ತೇನೆ. ಆದರೆ ಅವನು ಕೇಳಿದರೆ ಜ್ವರ, ಭೇದಿ, ಬಾಣಂತಿಯರು ಎಂದಷ್ಟೇ ಹೇಳಿ.

ನದಿಯಾಚೆಯಿಂದ ಓಡಿಬಂದವರ ಶಿಬಿರ ಇದು. ಹಿಂದೆ ಧಾನ್ಯ ತೂಗುತ್ತಿದ್ದ ಕಟ್ಟಡ ಈಗ ಆಸ್ಪತ್ರೆ. ಉದ್ದನೆಯ ಒಂದು ಜಗಲಿ, ನಾಲ್ಕು ಬಾಗಿಲು. ಮೊದಲನೆಯದು ಜ್ವರಕ್ಕೆ, ಎರಡನೆಯದು ಹೆರಿಗೆಗೆ, ನಾಲ್ಕನೆಯದು ಮಾತ್ರೆ ಕೊಡುವ ಕೋಣೆ. ಮೂರನೆಯದರ ಮೇಲೆ "ರಕ್ತಹೀನತೆ ತಪಾಸಣೆ" ಎಂಬ ಹಲಗೆ ಇದೆ. ರಕ್ತ ಕಡಿಮೆಯಾದವರು ನಿಜಕ್ಕೂ ಬರುತ್ತಾರೆ. ಅವರ ನಡುವೆ ಇನ್ನು ಕೆಲವರು ಬರುತ್ತಾರೆ: ಓಡಿಬರುವ ದಾರಿಯಲ್ಲಿ, ತಪಾಸಣೆಯ ಠಾಣೆಗಳಲ್ಲಿ, ಕೆಲವೊಮ್ಮೆ ತಮ್ಮ ಡೇರೆಯಲ್ಲೇ ಗಂಡಸರ ಕೈಗೆ ಸಿಕ್ಕ ಹೆಂಗಸರು. ಯಾರು ಯಾವುದಕ್ಕೆ ಬಂದರೆಂದು ಹೊರಗೆ ತಿಳಿಯಬಾರದು. ತಿಳಿದರೆ ಅವರು ಮತ್ತೆ ಬರುವುದಿಲ್ಲ, ಬಾರದಿದ್ದರೆ ಮಾತ್ರೆ ಅರ್ಧಕ್ಕೆ ನಿಲ್ಲುತ್ತದೆ, ಮಾತ್ರೆ ನಿಂತರೆ ರೋಗ ಒಳಗೆ ಬೇರುಬಿಡುತ್ತದೆ. ಆ ಕೋಣೆ ಉಳಿದಿರುವುದು ಗೋಡೆಯ ಬಲದಿಂದಲ್ಲ, ಹಲಗೆಯ ಬಲದಿಂದ.

ಒಳಗೆ ನಾವು ಮೂವರೇ: ಡಾಕ್ಟರಮ್ಮ, ನರ್ಸ್ ಆಗಿ ನಾನು, ಮತ್ತು ದುಭಾಷಿ. ದುಭಾಷಿ ಇದೇ ಶಿಬಿರದವಳು. ಅವರ ಮಾತೂ ಬಲ್ಲಳು, ನಮ್ಮ ಮಾತೂ ಬಲ್ಲಳು. ತಪಾಸಣೆ ಮುಗಿಯುವ ತನಕ ಮೈ ತೊಳೆಯಬಾರದೆಂದು ನಾವೇ ತಡೆಯುತ್ತೇವೆ. ಮುಗಿದ ಕೂಡಲೇ ಆ ಹೆಂಗಸರೆಲ್ಲ ಕೇಳುವುದು ನೀರನ್ನು. ಮೂಲೆಯಲ್ಲಿ ಒಂದು ಬಚ್ಚಲಿದೆ. ಇಡೀ ಶಿಬಿರದಲ್ಲಿ ಬಾಗಿಲಿರುವ ಬಚ್ಚಲು ಅದೊಂದೇ, ಆದರೆ ಚಿಲಕವಿಲ್ಲ. ಅವರು ಸ್ನಾನ ಮುಗಿಸುವವರೆಗೆ ನಾನೇ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಒಂದು ಗಟ್ಟಿ ಚಿಲಕ ಕಳಿಸಿಕೊಡಿ.

ನಿಮ್ಮ ನಾದಿನಿ


ಫೆಬ್ರವರಿ 20

ಗುಬ್ಬೀ,

ನಿನ್ನ ಪತ್ರ ನಾನೇ ಓದಿದೆ, ಸಾರಾಂಶ ಯಾರಿಗೂ ಹೇಳಲಿಲ್ಲ. ನಿನ್ನಣ್ಣ "ಏನಂತೆ ಅವಳದು?" ಅಂದರು. "ಭೇದಿಯಂತೆ" ಅಂದೆ. ಮುಂದೆ ಊಟದ ತಟ್ಟೆ ಇತ್ತು, ಇನ್ನೊಂದು ಪ್ರಶ್ನೆ ಬರಲಿಲ್ಲ.

ಚಿಲಕ ಎರಡು ಇಟ್ಟಿದ್ದೇನೆ, ಸ್ಕ್ರೂ ಸಮೇತ. ಒಂದು ಒಳಗಿಂದ ಮೇಲೆ ಹಾಕು, ಒಂದು ಕೆಳಗೆ. ಒಂದೇ ಚಿಲಕದ ಬಾಗಿಲನ್ನು ಭುಜದಿಂದ ದೂಡಬಹುದು. ಇದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ.

ಇನ್ನೊಂದು ವಿಷಯ. ಇದು ಸ್ಟೋರ್ ಸಾಹೇಬರಿಗೆ ಗೊತ್ತಿಲ್ಲ. ನಿಮ್ಮಲ್ಲಿಗೆ ಕಳಿಸುವ ಸೋಪು ನೋಡಿದ್ದೀಯಲ್ಲ, ಇಟ್ಟಿಗೆ ಚೂರಿನಂಥದ್ದು, ಮೈಗೂ ಅದೇ ಬಟ್ಟೆಗೂ ಅದೇ. ಮುಚ್ಚಿಹೋದ ಒಂದು ಹೋಟೆಲಿನವರು ದಾನ ಕೊಟ್ಟ ಗುಲಾಬಿ ಸೋಪಿನ ರಾಶಿ ಗೋದಾಮಿನ ಹಿಂದೆ ಬಿದ್ದಿದೆ. "ಈ ಷೋಕಿಯೆಲ್ಲ ಶಿಬಿರಕ್ಕೆ ಬೇಡ" ಎಂದು ಸಾಹೇಬರು ಬದಿಗೆ ಹಾಕಿಸಿದ್ದಾರೆ. ನಾನು ಮೂರನೇ ಬಾಗಿಲಿಗೆ ಹೋಗುವ ಪೆಟ್ಟಿಗೆಗಳಲ್ಲಿ ಮಾತ್ರ ಇಟ್ಟಿಗೆ ತೆಗೆದು ಗುಲಾಬಿ ಇಟ್ಟೆ. ಅಷ್ಟೆಲ್ಲ ಅನುಭವಿಸಿ ಬಂದವಳು ತೊಳೆದುಕೊಳ್ಳುವುದಾದರೂ ಒಂದು ಒಳ್ಳೆಯ ವಸ್ತುವಿನಿಂದ ತೊಳೆದುಕೊಳ್ಳಲಿ. ತಲೆಗೂ ಹಚ್ಚಿಕೊಳ್ಳಬಹುದು, ಮೂರು ದಿನ ಪರಿಮಳ ಹೋಗುವುದಿಲ್ಲ. ಮನೆಯಲ್ಲೇ ಹಚ್ಚಿ ನೋಡಿದ್ದೇನೆ. ಪಕ್ಕದ ಮೇಜಿನವಳು ಮೂಗರಳಿಸಿ "ಏನಮ್ಮಾ, ನಾದಿನಿ ಮದುವೆ ಸಾಮಾನಾ?" ಅಂದಳು. "ಹೌದು ಕಣೇ, ನಿನ್ನ ಮಾತ್ರ ಕರೆಯಲ್ಲ" ಅಂದೆ. ಪರಿಮಳ ಹೇಗಿದೆ ಎಂದು ತಪ್ಪದೆ ಬರೆ.

ಕಡೆಯದಾಗಿ, ಬೇಜಾರು ಮಾಡಿಕೊಳ್ಳಬೇಡ. ಆ ದುಭಾಷಿ ಯಾರ ಕಡೆಯವಳು? ನೀನೂ ಡಾಕ್ಟರಮ್ಮನೂ ಹೊರಗಿನವರು, ಕೆಲಸ ಮುಗಿದರೆ ಕೋಣೆಗೆ ಹೋಗಿ ಮಲಗುತ್ತೀರಿ. ಅವಳು ಅಲ್ಲೇ ನೀರಿಗೆ ನಿಲ್ಲಬೇಕು, ಅಲ್ಲೇ ನೆಂಟರ ಜೊತೆ ಕೂರಬೇಕು. ಎರಡು ಮಾತು ಬಲ್ಲವಳಿಗೆ ಎರಡು ಮನೆ ಇರುತ್ತದೆ. ಒಂದು ಕಣ್ಣಿಟ್ಟಿರು.

ಅತ್ತಿಗೆ


ಮಾರ್ಚ್ 6

ಅತ್ತಿಗೆ,

ಚಿಲಕ ಹಾಕಿದೆವು. ಸೋಪು ತುಂಬಾ ಚೆನ್ನಾಗಿದೆ. ಎಂಥ ಪರಿಮಳ! ಎಲ್ಲರೂ ಹೊಗಳಿದರು.

ನೀವು ಕಡೆಯಲ್ಲಿ ಬರೆದ ಮಾತಿಗೆ ಮೊದಲು ಸಿಟ್ಟು ಬಂದಿತ್ತು. ಈಗ ಆ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಇಲ್ಲೊಬ್ಬಳು ಹೊಲಿಗೆಯವಳಿದ್ದಾಳೆ. ಗಂಡ ಎಲ್ಲಿದ್ದಾನೋ ಗೊತ್ತಿಲ್ಲ. ಗಂಡನ ಅಣ್ಣನ ಡೇರೆಯಲ್ಲಿ ಇದ್ದುಕೊಂಡು, ಹೊತ್ತು ತಂದ ಒಂದು ಕೈ ಮೆಷಿನ್ನಿನಲ್ಲಿ ಊರವರ ಹರಿದ ಬಟ್ಟೆಗಳಿಗೆಲ್ಲ ತೇಪೆ ಹಾಕುತ್ತಿದ್ದಳು. ಹತ್ತು ದಿನದ ಹಿಂದೆ ಕಟ್ಟಿಗೆಗೆ ಹೋದಾಗ ಅವಳಿಗೆ ಆಗಬಾರದ್ದು ಆಯಿತು. ಮಾರನೆಯ ಬೆಳಿಗ್ಗೆ ರಕ್ತ ಕಡಿಮೆಯಾದವರ ಸಾಲಿನಲ್ಲೇ ನಿಂತು ಒಳಗೆ ಬಂದಳು. ತಪಾಸಣೆ ಆಯಿತು, ಸ್ನಾನ ಮಾಡಿದಳು, ವಾರದ ಮಾತ್ರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಇಡೀ ತಿಂಗಳು ಬಿಡದೆ ನುಂಗಬೇಕಾದ ಮಾತ್ರೆ ಅದು. ವಾರಕ್ಕೊಮ್ಮೆ ಬಂದು ಒಯ್ಯಬೇಕು. ಹೋಗುವಾಗ ದುಭಾಷಿಯ ಮೂಲಕ "ಮುಂದಿನ ವಾರ ನಿಮ್ಮ ಕೋಟಿನ ಗುಂಡಿ ಹಾಕಿಕೊಡ್ತೀನಿ, ಒಂದು ದಾರಕ್ಕೆ ನೇತಾಡ್ತಾ ಇದೆ" ಎಂದಳು.

ಅವತ್ತು ಸಂಜೆಯೇ ಅವಳ ಭಾವನಿಗೆ ವಿಷಯ ಗೊತ್ತಾಗಿತ್ತು. ಮೆಷಿನ್ನನ್ನು ಎತ್ತಿ ಚರಂಡಿಗೆ ಎಸೆದಿದ್ದಾನೆ. ಅವಳನ್ನು ಡೇರೆಯಿಂದ ಹೊರಗೆ ಬಿಡುತ್ತಿಲ್ಲ. ವಾರ ಕಳೆಯಿತು, ಮಾತ್ರೆಗೆ ಬರಲಿಲ್ಲ. ಮಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದ ಡೇರೆಯವಳ ಕೈಯಲ್ಲಿ ಕಳಿಸಿದೆ. ಅದು ತಿರುಗಿ ಬಂತು.

ಒಳಗಿದ್ದವರು ಮೂವರು. ನಾನು ಹೇಳಿಲ್ಲ. ಡಾಕ್ಟರಮ್ಮನಿಗೆ ಅವರ ಭಾಷೆಯ ಒಂದು ಪದವೂ ಬರುವುದಿಲ್ಲ. ಉಳಿದವಳು ಯಾರೆಂದು ನಿಮಗೇ ಗೊತ್ತು.

ಈ ಪತ್ರದ ಅಂಟನ್ನು ಎರಡು ಸಲ ಒತ್ತಿದ್ದೇನೆ. ಬಿಚ್ಚಿದ ಗುರುತಿದ್ದರೆ ತಿಳಿಸಿ.

ನಾದಿನಿ


ಮಾರ್ಚ್ 15

ಗುಬ್ಬೀ,

ಅಂಟು ಹಾಗೇ ಇತ್ತು. ಬಿಚ್ಚಿದ್ದು ನಾನೇ, ಹೇರ್‌ಪಿನ್ನಿನಲ್ಲಿ.

ನನಗೆ ಆಶ್ಚರ್ಯವಾಗಲಿಲ್ಲ. ಆದರೆ ಬರೀ ಅನುಮಾನದ ಮೇಲೆ ಯಾರನ್ನೂ ಹಿಡಿಯಬೇಡ. "ಕುಂಬಳಕಾಯಿ ಕಳ್ಳ" ಎಂದು ಕೂಗು, ಹೆಗಲು ಮುಟ್ಟಿಕೊಳ್ಳುವವರು ಯಾರೆಂದು ನೋಡು. ಇಲ್ಲಿ ಮೇಜಿನಿಂದ ಕತ್ತರಿಗಳು ಕಾಣೆಯಾಗುತ್ತಿದ್ದಾಗ ನಾನು ಇದನ್ನೇ ಮಾಡಿದೆ. ಒಬ್ಬಳಿಗೆ ಮಾತ್ರ ಗುಟ್ಟಿನಲ್ಲಿ "ನಾಳೆ ಚೀಲ ನೋಡ್ತಾರಂತೆ" ಅಂದೆ. ಮಾರನೆಯ ದಿನ ಎಲ್ಲರೂ ಚೀಲ ತಂದರು, ಅವಳೊಬ್ಬಳು ಬರಿಗೈಯಲ್ಲಿ ಬಂದಳು.

ನೀನೂ ದುಭಾಷಿಗೆ ಒಂದು ಸುಳ್ಳು ಹೇಳು, ಅವಳಿಗೆ ಮಾತ್ರ. ಅದು ಹೊರಗೆ ಬಂದರೆ ಬಾಯಿ ಯಾರದೆಂದು ತಿಳಿಯುತ್ತದೆ. ಹುಷಾರು, ಇರುವ ಹೆಂಗಸಿನ ಮೇಲೆ ಹೇಳಬೇಡ. ಇಲ್ಲದವಳನ್ನು ಹುಟ್ಟಿಸು.

ಅತ್ತೆ ನಿನ್ನನ್ನು ಕೇಳುತ್ತಿರುತ್ತಾರೆ. ನಿನ್ನಣ್ಣ "ಸಾಕಿನ್ನು, ವಾಪಸ್ ಬರಲಿ" ಎನ್ನುತ್ತಾರೆ. ಇದನ್ನು ತಲುಪಿಸುವುದು ನನ್ನ ಕೆಲಸ, ತಲುಪಿಸಿದ್ದೇನೆ.

ಅತ್ತಿಗೆ


ಮಾರ್ಚ್ 27

ಅತ್ತಿಗೆ,

ನೀವು ಹೇಳಿದಂತೆಯೇ ಮಾಡಿದೆ. "ಡೇರೆಗಳ ಕೊನೆಯ ಸಾಲಿನಿಂದ ಒಬ್ಬ ಟೀಚರು ಬಂದಿದ್ದರು, ಆಗ ನೀನಿರಲಿಲ್ಲ" ಎಂದು ದುಭಾಷಿಗೆ ಹೇಳಿದೆ. ಕೊನೆಯ ಸಾಲಿನಲ್ಲಿ ಟೀಚರೇ ಇಲ್ಲ. ಅವಳು "ಪಾಪ" ಎಂದಳು, ಅಷ್ಟೇ. ಒಂದು ವಾರ ಕಿವಿಗೊಟ್ಟು ಕಾದೆ. ಟೀಚರ ಸುದ್ದಿ ಎಲ್ಲೂ ಹುಟ್ಟಲಿಲ್ಲ. ಅದೇ ವಾರ ನಿಜವಾಗಿ ಬಂದ ಒಬ್ಬ ಹುಡುಗಿಯ ಡೇರೆಗೆ ಮಾರನೆಯ ದಿನವೇ ಯಾರೋ ಇದ್ದಿಲಿನಿಂದ ಗೀಚಿದರು. ಅವಳ ಮದುವೆಯ ಮಾತು ಮುರಿದುಬಿತ್ತು.

ದುಭಾಷಿ ಬುದ್ಧಿವಂತೆ. ನಾನು ಬಲೆ ಹಾಕಿದ್ದು ಅವಳಿಗೆ ಗೊತ್ತಾಗಿದೆ. ಸುಳ್ಳನ್ನು ನುಂಗಿ ನಿಜವನ್ನು ಉಗುಳಿದ್ದಾಳೆ.

ಇನ್ನೊಂದು ಗಮನಿಸಿದೆ. ನಲ್ಲಿಯ ಬಳಿ ಅವಳು ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿದು ನಿಲ್ಲುತ್ತಾರೆ. ಚಾಡಿ ಹೇಳುವವಳೆಂದು ಅವರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ತಮ್ಮವಳಿಂದಲೇ ಏಕೆ ಸರಿಯುತ್ತಾರೆ?

ಡಾಕ್ಟರಮ್ಮನಿಗೆ ಹೇಳಿದೆ. "ನಿನಗೆ ಖಾತ್ರಿ ಇದೆಯಾ?" ಎಂದರು. "ಇದೆ" ಎಂದೆ. ಜಗಲಿಯ ಮೇಲೆಯೇ ಅವಳ ಕೊರಳಿನ ಗುರುತಿನ ಪಟ್ಟಿ ತೆಗೆಸಿದರು. ಸಾಲಿನಲ್ಲಿದ್ದವರೆಲ್ಲ ನೋಡಿದರು. ಅವಳು ಅಳಲಿಲ್ಲ. ಪಟ್ಟಿಯನ್ನು ನನ್ನ ಕೈಗೇ ಕೊಟ್ಟು ನಮ್ಮ ಮಾತಿನಲ್ಲೇ ಹೇಳಿದಳು: "ನನ್ನ ನಾಲಿಗೆನ ನಿಮಗೆ ಕಡ ಕೊಟ್ಟಿದ್ದೆ ಸಿಸ್ಟರ್, ಮಾರಿರಲಿಲ್ಲ."

ಎಷ್ಟು ಸೊಕ್ಕು ನೋಡಿ. ಈಗ ಚಿತ್ರದ ಕಾರ್ಡುಗಳನ್ನು ತೋರಿಸಿ ಕೆಲಸ ನಡೆಸುತ್ತಿದ್ದೇವೆ.

ನಾದಿನಿ


ಏಪ್ರಿಲ್ 5

ಗುಬ್ಬೀ,

ಒಳ್ಳೆಯದಾಯಿತು. ಹೊಸಿಲಲ್ಲೇ ಇದ್ದ ಹಾವು ಹೋಯಿತು. ಈ ಸಲ ಗುಲಾಬಿ ಸೋಪು ಹೆಚ್ಚಿಗೆ ಇಟ್ಟಿದ್ದೇನೆ.

ಮೇಲಿನದನ್ನು ಬರೆದು ಪೆನ್ನು ಕೆಳಗಿಟ್ಟೆ. ಪೆಟ್ಟಿಗೆ ಕಟ್ಟುತ್ತಾ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಸುಳ್ಳನ್ನು ನುಂಗಿ ನಿಜವನ್ನು ಉಗುಳಿದಳು ಎಂದೆಯಲ್ಲ, ಅದು ಸುಳ್ಳೆಂದು ಅವಳಿಗೆ ಹೇಗೆ ತಿಳಿಯಿತು? ಕತ್ತರಿ ಕದ್ದವಳು ನಾನು ಹೇಳಿದ್ದನ್ನು ನಂಬಿದ್ದಕ್ಕೇ ಸಿಕ್ಕಿಬಿದ್ದದ್ದು. ಬಾಯಿ ಸಡಿಲ ಇರುವವಳು ಎರಡನ್ನೂ ಬಿಡಬೇಕಿತ್ತು.

ಇರಲಿ, ಅವಳ ಎದುರಿಗಿದ್ದವಳು ನೀನು. ನಿನ್ನ ಕಣ್ಣು ನನಗಿಂತ ಹತ್ತಿರದ್ದು.

ಅತ್ತಿಗೆ


ಏಪ್ರಿಲ್ 18

ಅತ್ತಿಗೆ,

ದುಭಾಷಿ ಹೋದ ಮೇಲೂ ನಿಂತಿಲ್ಲ. ಮತ್ತಿಬ್ಬರ ವಿಷಯ ಹೊರಗೆ ಹೋಗಿದೆ. ಈಗ ಮೂರನೇ ಬಾಗಿಲಿಗೆ ನಿಜವಾದ ರಕ್ತಹೀನತೆಯವರೂ ಬರುತ್ತಿಲ್ಲ.

ಕಳೆದ ಲಾರಿಯಲ್ಲಿ ಅಣ್ಣನ ಚೀಟಿ ಬಂತು. ವರ್ಷವಿಡೀ ಎರಡು ಸಾಲು ಬರೆಯದವನು ಬರೆದಿದ್ದಾನೆ: "ಆ ಹೊಲಿಗೆ ಮೆಷಿನ್ ಕೈಯಲ್ಲಿ ತಿರುಗಿಸೋದಾ, ಕಾಲಲ್ಲಿ ತುಳಿಯೋದಾ?"

ಜ್ವರ, ಭೇದಿ, ಬಾಣಂತಿ ಎಂದಷ್ಟೇ ಹೇಳಿ ಎಂದಿದ್ದೆ. ಅವನಿಗೆ ಹೇಳಿದ್ದೀರಿ. ಅವನು ಇನ್ನು ಯಾರಿಗೆ ಹೇಳಿದ? ನಿಮ್ಮ ಪಕ್ಕದ ಮೇಜಿನವಳಿಗೆ ನೀವು ಏನೇನು ಹೇಳಿದ್ದೀರಿ? ಲಾರಿಯ ಡ್ರೈವರು ನಿಮ್ಮ ಗೋದಾಮಿನಲ್ಲಿ ಚಹಾ ಕುಡಿದು ಹೊರಟು ನೇರ ಇಲ್ಲಿನ ಗೇಟಿನ ಕಾವಲುಗಾರನ ಪಕ್ಕ ಬಂದು ಕೂರುತ್ತಾನೆ. ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಒಂದು ಲಾರಿ ಪ್ರಯಾಣವಷ್ಟೇ ದೂರ.

ನಾನು ದುಭಾಷಿಯನ್ನು ನೋಡುತ್ತಾ ಕೂತಿದ್ದೆ. ನಿಮ್ಮನ್ನು ನೋಡಬೇಕಿತ್ತೇನೋ.

ನನ್ನ ಪತ್ರಗಳನ್ನೆಲ್ಲ ಸುಟ್ಟುಹಾಕಿ. ಇನ್ನು ಬರೆಯುವುದಿಲ್ಲ.


ಏಪ್ರಿಲ್ 29

ಗುಬ್ಬೀ,

ಹೌದು, ಹೇಳಿದೆ. ಯಾವ ಊರು, ಯಾವ ಕೋಣೆ, ಏನಾಯಿತು ಎಂದು ಹೇಳಲಿಲ್ಲ. "ಅಲ್ಲೊಬ್ಬಳ ಹೊಲಿಗೆ ಮೆಷಿನ್ನನ್ನ ಚರಂಡಿಗೆ ಎಸೆದಿದ್ದಾರಂತೆ" ಎಂದಷ್ಟೇ ಅಂದೆ, ಏಕೆಂದರೆ ಅವತ್ತು ನನಗೆ ಊಟ ಸೇರಲಿಲ್ಲ, ಯಾಕೆಂದು ಅವರು ಕೇಳಿದರು. ಅದಾದ ಮೇಲೆ ನಿನ್ನಣ್ಣ ಪ್ರತಿ ರವಿವಾರ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಲೆದು ಒಂದು ಮೆಷಿನ್ ತಂದು ನಡುಮನೆಯಲ್ಲಿ ಬಿಚ್ಚಿ ಹರಡಿದ್ದಾರೆ. ಅತ್ತೆ ಕಾಲಿಗೆ ಎಣ್ಣೆ ಮೆತ್ತಿಕೊಂಡು ಬೈಯುತ್ತಿದ್ದಾರೆ. ಇದೇ ನಾವು ನಡೆಸಿದ ಪಿತೂರಿ.

ಪತ್ರ ಸುಟ್ಟಿಲ್ಲ. ನಿನಗೆ ಕೋಪ ಇಳಿದ ಮೇಲೆ ತೋರಿಸಲು ಬೇಕಾಗುತ್ತದೆ.

ಅತ್ತಿಗೆ


ಮೇ 14

ಗುಬ್ಬೀ,

ಲಾರಿ ಬಂತು. ಖಾಲಿ ಪೆಟ್ಟಿಗೆಗಳನ್ನು ತಳದವರೆಗೆ ತಡಕಿದೆ, ಪತ್ರವಿರಲಿಲ್ಲ. ಡ್ರೈವರನ್ನು ಕೇಳಿದೆ. "ಸಿಸ್ಟರ್ ಚೆನ್ನಾಗಿದಾರಮ್ಮ, ಆದ್ರೆ ನನ್ನನ್ನೇ ಯಾಕೋ ಕಳ್ಳನ ಥರ ನೋಡ್ತಾರೆ" ಅಂದ.

ನನ್ನ ಮೇಲೆ ಅನುಮಾನ ಪಡು, ಅತ್ತಿಗೆಯಾಗಿ ಬಂದವಳಿಗೆ ಅದು ಹೊಸದಲ್ಲ. ಒಂದೇ ಒಂದು ಕೇಳುತ್ತೇನೆ. ನಾವಿಬ್ಬರೂ ಮೊದಲಿನಿಂದ "ಯಾರು ಹೇಳಿದರು" ಎಂದು ತಲೆ ಕೆಡಿಸಿಕೊಂಡಿದ್ದೇವೆ. ಯಾರೂ ಹೇಳಿಲ್ಲದಿದ್ದರೆ? ಟೀಚರ ಸುದ್ದಿ ಹರಡಲಿಲ್ಲ, ಏಕೆಂದರೆ ಟೀಚರೇ ಇರಲಿಲ್ಲ. ಇದ್ದವರದ್ದು ಹರಡಿತು. ಅಂದರೆ ಆ ಹೆಂಗಸರನ್ನು ನೋಡಿಯೇ ಗೊತ್ತಾಗುವಂಥದ್ದು ಏನೋ ಇದೆ. ಮೈಮೇಲೆ ಏನಾದರೂ ಗುರುತು ಹೊತ್ತು ಹೊರಗೆ ಹೋಗುತ್ತಿದ್ದಾರೆಯೇ? ಬ್ಯಾಂಡೇಜು, ಔಷಧಿಯ ಬಣ್ಣ, ನಡಿಗೆ, ಏನಾದರೂ?

ಬಾಗಿಲಾಚೆ ನಿಂತು ನೋಡು.

ಅತ್ತಿಗೆ


ಮೇ 26

ಅತ್ತಿಗೆ,

ಇದನ್ನು ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಡೆದಂತೆಯೇ ಬರೆಯುತ್ತೇನೆ.

ಮೊನ್ನೆ ನೀರು ಧಾರಾಳವಾಗಿ ಬಂದಿತ್ತು. ನಮ್ಮ ಕೋಣೆಯಲ್ಲಿ ಸೋಪು ಮುಗಿದಿದ್ದರಿಂದ ಮೂರನೇ ಬಾಗಿಲಿನ ಸೋಪನ್ನೇ ತಲೆಗೂ ಮೈಗೂ ಹಚ್ಚಿ ಸ್ನಾನ ಮಾಡಿದೆ. ಆಮೇಲೆ ಒಬ್ಬ ಬಾಣಂತಿಯನ್ನು ನೋಡಲು ಶಿಬಿರದೊಳಗೆ ಹೋದೆ. ಕೋಟು ಒಗೆಯಲು ಹಾಕಿದ್ದೆ, ತಲೆಗೆ ಬಟ್ಟೆ ಸುತ್ತಿದ್ದೆ. ದೂರದಿಂದ ನೋಡಿದರೆ ಅವರಂತೆಯೇ ಒಬ್ಬಳು.

ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿದರು. ದುಭಾಷಿಗೆ ಸರಿದ ಹಾಗೆಯೇ. ಚಹಾದ ಒಲೆಯ ಸುತ್ತ ಕೂತಿದ್ದ ಗಂಡಸರಲ್ಲಿ ಒಬ್ಬ, ನಾನು ದಾಟಿದ ಮೇಲೆ, ಜೋರಾಗಿ ಮೂಗಿನಿಂದ ಉಸಿರೆಳೆದ. ಉಳಿದವರು ನಕ್ಕರು. ಅತ್ತಿಗೆ, ಆ ನಗು ನನ್ನ ಬೆನ್ನಿನ ಮೇಲೆ ಇನ್ನೂ ಇದೆ.

ಬಾಣಂತಿಯ ಅತ್ತೆ ಮಗುವನ್ನು ಮುಟ್ಟಲು ಬಿಡಲಿಲ್ಲ. ನಾನು ತಲೆಯ ಬಟ್ಟೆ ಸರಿಸಿದಾಗ ಗುರುತು ಹಿಡಿದು ಗಾಬರಿಯಾದಳು. ಆಮೇಲೆ ನನ್ನ ಕೈಯನ್ನು ತನ್ನ ಮೂಗಿನ ಹತ್ತಿರ ಒಯ್ದು ಮೂಸಿದಳು. ತನ್ನ ಮೂಗು ಮುಟ್ಟಿದಳು, ಜಗಲಿಯ ಕಡೆ ಬೆರಳು ಮಾಡಿ ಮೂರು ಎಂದು ತೋರಿಸಿದಳು. ನಾನು "ಯಾರು ಹೇಳಿದ್ದು?" ಎಂದು ಬಾಯಿಯ ಹತ್ತಿರ ಕೈ ಆಡಿಸಿ ಕೇಳಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ಯಾರೂ ಇಲ್ಲ. ಮತ್ತೆ ಮೂಗು ಮುಟ್ಟಿದಳು. ಅದನ್ನು ತಿಳಿಯಲು ದುಭಾಷಿ ಬೇಕಾಗಲಿಲ್ಲ.

ಇಡೀ ಶಿಬಿರ ತೊಳೆಯುವುದು ಇಟ್ಟಿಗೆ ಸೋಪಿನಿಂದ. ಗುಲಾಬಿ ಇರುವುದು ನಮ್ಮ ಬಚ್ಚಲಿನಲ್ಲಿ ಮಾತ್ರ. ರಕ್ತಹೀನತೆಯವರು ಅಲ್ಲಿ ಸ್ನಾನ ಮಾಡುವುದಿಲ್ಲ.

ನನಗೆ ಏಕೆ ತಿಳಿಯಲಿಲ್ಲ ಎಂದರೆ, ಹೋದ ವರ್ಷದ ಜ್ವರದ ನಂತರ ನನ್ನ ಮೂಗಿಗೆ ಯಾವ ವಾಸನೆಯೂ ತಾಗುವುದಿಲ್ಲ. ಮನೆಯಲ್ಲಿ ಹೇಳಿದ್ದರೆ ಇಲ್ಲಿಗೆ ಕಳಿಸುತ್ತಿರಲಿಲ್ಲ. "ಎಂಥ ಪರಿಮಳ" ಎಂದು ಬರೆದೆನಲ್ಲ, ನೀವು ಆಸೆಪಟ್ಟು ಕೇಳಿದ್ದಿರಿ, ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಬರೆದದ್ದು. ನನಗೆ ಅದೂ ಒಂದು ಇಟ್ಟಿಗೆಯೇ. ಡಾಕ್ಟರಮ್ಮನನ್ನು ಕೇಳಿದೆ. "ಬರ್ತಿತ್ತಲ್ಲ, ಪಾಪ ಚೆನ್ನಾಗಿದೆ ಅಂದ್ಕೊಂಡಿದ್ದೆ" ಎಂದರು. ದುಭಾಷಿ ದಿನವೂ ಅದರಲ್ಲೇ ಕೈ ತೊಳೆಯುತ್ತಿದ್ದಳು. ಅದಕ್ಕೇ ಅವಳಿಂದಲೂ ಸರಿಯುತ್ತಿದ್ದರು. ಅದನ್ನೇ ನಾನು ಸಾಕ್ಷಿ ಮಾಡಿಕೊಂಡೆ.

ಬಾಕಿ ಇದ್ದ ಸೋಪನ್ನೆಲ್ಲ ಹಿಂದಿನ ಗುಂಡಿಯಲ್ಲಿ ಹೂತಿದ್ದೇನೆ.

ನಿಮ್ಮ ನಾದಿನಿ


ಜೂನ್ 6

ಗುಬ್ಬೀ,

ನಿನ್ನ ಪತ್ರವನ್ನು ಪೆಟ್ಟಿಗೆಗಳ ಹಿಂದೆ ನಿಂತು ಓದಿದೆ. ಅಳುವುದನ್ನು ಆಮೇಲಿಗೆ ಇಟ್ಟಿದ್ದೇನೆ.

ಸೋಪು ಹೂತದ್ದು ತಪ್ಪು. ಅಗೆದು ತೆಗೆ. ಈಗ ನಿಲ್ಲಿಸಿದರೆ ಮುಂದೆ ಬರುವವರು ಉಳಿಯುತ್ತಾರೆ, ಆದರೆ ಇಲ್ಲಿಯವರೆಗೆ ಬಂದುಹೋದವರ ಮೇಲೆ ಆ ವಾಸನೆ ಹಾಗೇ ನಿಲ್ಲುತ್ತದೆ. ಗುಲಾಬಿ ಅಂದರೆ ಮೂರನೇ ಬಾಗಿಲು ಎಂದು ಆ ಊರು ನೆನಪಿಟ್ಟುಕೊಂಡಿರುತ್ತದೆ. ವಾಸನೆಯನ್ನು ಅಳಿಸಲಾಗದಿದ್ದರೆ ಎಲ್ಲರಿಗೂ ಹಚ್ಚಬೇಕು.

ಸ್ಟೋರ್ ಸಾಹೇಬರ ಬಳಿ ಹೋಗಿ ನಾನೇ ಬದಲಾಯಿಸಿದ್ದು ಎಂದು ಒಪ್ಪಿಕೊಂಡೆ. "ನಿಮಗೆ ಯಾರಮ್ಮ ಅಧಿಕಾರ ಕೊಟ್ಟದ್ದು?" ಅಂದರು. "ಯಾರೂ ಇಲ್ಲ ಸಾರ್. ಈಗ ಕೊಡಿ" ಅಂದೆ. ಮೇಜು ಕುಟ್ಟಿ ಬೈದರು. ಬೈದು ಮುಗಿಸಿ, ನೀರು ಕುಡಿದು, ಪೂರ್ತಿ ದಾಸ್ತಾನು ಕಳಿಸಲು ಸಹಿ ಹಾಕಿದರು. ಮುಂದಿನ ತಿಂಗಳಿಂದ ನಾನು ಔಷಧಿ ಮೇಜಿನಲ್ಲಿಲ್ಲ, ಗೋಣಿ ಹೊಲಿಯುವ ಕಡೆ ಹಾಕಿದ್ದಾರೆ. ಅದು ಸರಿಯೇ.

ಗಂಡಸರಿಗೆ ಮೊದಲು ಹಂಚು. ಚಹಾದ ಒಲೆಯವರಿಗೆ, ಗೇಟಿನ ಕಾವಲುಗಾರನಿಗೆ, ಆ ಭಾವನಿಗೆ. ನಾಲ್ಕೂ ಬಾಗಿಲಿನಲ್ಲಿ ಕೈ ತೊಳೆಯಲು ಇಡು. ಊರಿಗೆ ಊರೇ ಮದುವೆಮನೆಯ ಹಾಗೆ ಘಮಘಮಿಸಲಿ. ಇದೇ ಲಾರಿಯಲ್ಲಿ ನಿನ್ನಣ್ಣ ಕಳಿಸಿದ ಮೆಷಿನ್ ಇದೆ. ಕೈಯಲ್ಲಿ ತಿರುಗಿಸುವುದು.

ಇನ್ನೊಂದು. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂಗು, ಸೋಪು, ಗುಂಡಿ ಎಲ್ಲ ಇದೆ. ದುಭಾಷಿಯ ಮನೆಗೆ ಹೋದೆ ಎಂಬ ಸಾಲು ಇಲ್ಲ. ಅನುಮಾನದ ಬೀಜ ಹಾಕಿದವಳು ನಾನು, ನೀರೆರೆದವಳು ನೀನು. ನಾನು ಇಲ್ಲಿಂದ ಬರಲಾರೆ. ನೀನು ಹೋಗು.

ಅತ್ತಿಗೆ


ಜೂನ್ 21

ಅತ್ತಿಗೆ,

ಹೋದೆ. ಡೇರೆಯ ಬಾಗಿಲಲ್ಲೇ ನಿಲ್ಲಿಸಿದಳು. ಮೂಗಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಕೇಳಿಸಿಕೊಂಡು, "ನನಗೆ ಹೇಳಿದ್ರಿ, ಸಂತೋಷ. ಜಗಲಿ ಮೇಲೆ ನಿಂತು ಪಟ್ಟಿ ತೆಗೆಸಿದ್ರಲ್ಲ, ಆವತ್ತು ನೋಡಿದವರಿಗೆ ಯಾರು ಹೇಳ್ತಾರೆ?" ಎಂದಳು.

"ನಾನೇ ಹೇಳ್ತೀನಿ. ನೀನು ಅನುವಾದ ಮಾಡು."

"ನನ್ನ ಮರ್ಯಾದೆನ ನಾನೇ ಅನುವಾದ ಮಾಡ್ಕೊಳ್ಳಲಾ? ನಿಮ್ಮ ಬಾಯಲ್ಲೇ ಬರಲಿ. ನಮ್ಮ ಮಾತಲ್ಲಿ."

ಹಾಗಾಗಿ ಅವಳೇ ಕಲಿಸಿದಳು. ಎರಡೇ ವಾಕ್ಯ. ನಾನು ತಪ್ಪಿದಾಗೆಲ್ಲ ಮುಖ ಗಂಟಿಕ್ಕಿ "ಮತ್ತೆ" ಎನ್ನುತ್ತಿದ್ದಳು. ಬೆಳಿಗ್ಗೆ ನಲ್ಲಿಯ ಬಳಿ, ಸಾಲು ಉದ್ದವಿದ್ದಾಗ ನಿಂತು ಹೇಳಿದೆ: ಇವಳು ಯಾರ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ. ಸುಳ್ಳು ಹೇಳಿದ್ದು ನಾನು. ಯಾರೋ ನಕ್ಕರು. ಒಬ್ಬಳು ಬಿಂದಿಗೆಯನ್ನು ಕೆಳಗಿಟ್ಟಳು. ದುಭಾಷಿ ನನ್ನ ಹತ್ತಿರ ಬಂದು, "ಕೇಳೋಕೆ ಆಗಲ್ಲ ನಿಮ್ಮ ಉಚ್ಚಾರ. ಆದ್ರೆ ಅರ್ಥ ಆಯ್ತು ಅವರಿಗೆ" ಎಂದಳು.

ಸೋಪು ಹಂಚಿದೆವು, ಗಂಡಸರಿಗೆ ಮೊದಲು. ಗೇಟಿನ ಕಾವಲುಗಾರ ಒಂದರಲ್ಲಿ ಕೈ ತೊಳೆದುಕೊಂಡು ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ. ಹೊಲಿಗೆಯವಳ ಭಾವ ತಾನೇ ಬಂದು ಕೈ ಚಾಚಿ ತೆಗೆದುಕೊಂಡ. ಅವನ ಕೈಗೆ ಕೊಡುವಾಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

ದುಭಾಷಿ ಪಟ್ಟಿ ವಾಪಸ್ ಹಾಕಿಕೊಂಡಿದ್ದಾಳೆ. ಮೊದಲಿನಂತೆ ನನ್ನ ಪಕ್ಕ ಕೂರುವುದಿಲ್ಲ, ಗೋಡೆಯ ಕಡೆ ಕೂರುತ್ತಾಳೆ. ನಾನು ಹೇಳಿದ್ದನ್ನು "ಇದೇ ತಾನೇ ನೀವು ಹೇಳಿದ್ದು?" ಎಂದು ಕೇಳಿಯೇ ಅವರ ಮಾತಿಗೆ ತಿರುಗಿಸುತ್ತಾಳೆ. ಈಗ ಅನುಮಾನ ಪಡುವ ಸರದಿ ಅವಳದು.

ನಿನ್ನೆ ಹೊಲಿಗೆಯವಳು ಬಂದಳು. ಕೈ ತೊಳೆಯುವ ನೆಪದಲ್ಲಿ ಜಗಲಿಗೆ ಬಂದು ಮೂರನೆಯದರೊಳಗೆ ಸರಿದಳು. ಮೆಷಿನ್ ಇಲ್ಲೇ ಇದೆ ಎಂದು ತೋರಿಸಿದೆವು. ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ, "ಇಲ್ಲೇ ಇರಲಿ" ಎಂದಳು. ಮಾತ್ರೆಯ ಕಾಲ ಮುಗಿದುಹೋಗಿದೆ. ರಕ್ತ ತೆಗೆದೆವು. ಅದರ ಸೀಸೆ ಈ ಪತ್ರದ ಜೊತೆಗೇ ತಣ್ಣನೆಯ ಪೆಟ್ಟಿಗೆಯಲ್ಲಿ ನಿಮ್ಮೂರಿನ ಪ್ರಯೋಗಾಲಯಕ್ಕೆ ಬರುತ್ತಿದೆ. ಉತ್ತರ ಏನು ಬರುತ್ತದೋ. ಡ್ರೈವರನ್ನು ನಾನೇ ಚಹಾಕ್ಕೆ ಕರೆದು, ಗುಂಡಿಗಳಲ್ಲಿ ಲಾರಿಯನ್ನು ನಿಧಾನ ನಡೆಸು ಎಂದು ಬೇಡಿಕೊಂಡಿದ್ದೇನೆ.

ಅವಳು ಸ್ನಾನ ಮಾಡಿದಳು, ಎರಡೂ ಚಿಲಕ ಹಾಕಿಕೊಂಡು. ಹೊರಡುವ ಮೊದಲು ಬಾಗಿಲಿಗೆ ಅಡ್ಡ ನಿಂತೆ. ನನ್ನ ಮೂಗನ್ನು ನಾನು ನಂಬಲಾರೆ. ದುಭಾಷಿಯನ್ನು ಕರೆದು ಕೇಳಿದೆ, "ಹೇಳು, ಇವಳಿಗೆ ಏನು ವಾಸನೆ?"

ದುಭಾಷಿ ಅವಳ ಕೂದಲ ಹತ್ತಿರ ಬಗ್ಗಿ ಉಸಿರೆಳೆದಳು. ಹೊರಗೆ ಹೋಗಿ ಜಗಲಿಯ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದಳು. ಆಮೇಲೆ, ನನ್ನ ಮುಖ ನೋಡದೆ, ಬಾಗಿಲನ್ನು ಪೂರ್ತಿ ತೆಗೆದಳು.

"ಎಲ್ಲರ ವಾಸನೆ" ಎಂದಳು.

ನಂಬಿದೆ.

ನಿಮ್ಮ ಗುಬ್ಬಿ